ಗೊರಸಿಗೆ ತಕ್ಕ ಲಾಳ

ದಿಂಡಿಗಲ್ ಪಟ್ಟಣದ ದಕ್ಷಿಣಕ್ಕೆ ಗೋಡೆಯಂತೆ ಎದ್ದು ನಿಂತಿರುವ ಬೆಟ್ಟಸಾಲು ಸಿರುಮಲೈ. ಅಲ್ಲಿನ ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಳಿಜಾರಿನ ತೋಟಗಳಿಂದ ಫಸಲನ್ನು ರಸ್ತೆಯವರೆಗೆ ತರಲು ಅಲ್ಲಿ ಕುದುರೆಗಳನ್ನು ಬಳಸುವ ರೂಢಿ ಹಳೆಯದು. ಬೆನ್ನಿನ ಎರಡೂ ಬದಿಗೆ ಹೊರೆ ತೂಗಿಸಿಕೊಂಡು, ಕಲ್ಲುಗಳ ನಡುವಿನ ಕಿರುದಾರಿಯಲ್ಲಿ ಒಂದೊಂದೇ ಹೆಜ್ಜೆಯನ್ನು ಅಳೆದು ಊರುತ್ತ ಅವು ಇಳಿಯುತ್ತವೆ. ಅಂಥ ಕುದುರೆಗೆ ಲಾಳ ಹೊಡೆಯುವವನು ಮೊದಲು ನೋಡುವುದು ಗೊರಸನ್ನು. ಗೊರಸಿಗಿಂತ ದೊಡ್ಡ ಲಾಳ ಹೊಡೆದರೆ ಕುದುರೆಗೆ ಬಲ ಹೆಚ್ಚುವುದಿಲ್ಲ. ಮೊದಲು ನಡಿಗೆ ಕೆಡುತ್ತದೆ, ಆಮೇಲೆ ಕಾಲು ಕೆಡುತ್ತದೆ.

ಕುದುರೆಯ ವಿಷಯದಲ್ಲಿ ಯಾರೂ ವಾದಿಸದ ಈ ಮಾತು ಮೋಟಾರ್ ಸೈಕಲ್ಲಿನ ವಿಷಯಕ್ಕೆ ಬಂದಾಗ ಮರೆತುಹೋಗುತ್ತದೆ. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವ ಬೈಕಿಗೆ ಹಿಂದಿನ ಟೈರು ಎಷ್ಟು ದಪ್ಪವಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ತರುಣರಲ್ಲಿ ಬೇರೂರಿದೆ. ಆ ನಂಬಿಕೆ ಎಲ್ಲಿ ನಿಜ, ಎಲ್ಲಿ ಸುಳ್ಳು ಎಂಬುದನ್ನು ತಿಳಿಯಲು ಯಂತ್ರಶಾಸ್ತ್ರದ ಪದವಿ ಬೇಕಿಲ್ಲ. ಹತ್ತನೆಯ ತರಗತಿಯ ಗಣಿತಪುಸ್ತಕದಲ್ಲಿರುವ ವ್ಯಾಸ, ಪರಿಧಿ, ಶೇಕಡಾ ಎಂಬ ಮೂರು ಪದಗಳು ಸಾಕು.

ದಿಂಡಿಗಲ್ಲಿನಿಂದ ತೇನಿಯ ಮೂಲಕ ಕುಮಿಳಿಗೆ ಏರುವ 183ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗಿದರೆ ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರುಗಳು ಒಂದರ ಹಿಂದೊಂದರಂತೆ ಬರುತ್ತವೆ. ಇದೇ ಕಂಬಂ ಕಣಿವೆ. 1895ರಲ್ಲಿ ಪೂರ್ಣಗೊಂಡ ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು ಇಲ್ಲಿನ ಗದ್ದೆಗಳನ್ನು ಹಸಿರಾಗಿಸಿದೆ. ದ್ರಾಕ್ಷಿಯ ಚಪ್ಪರಗಳು ಊರೂರಿಗೂ ಹಬ್ಬಿವೆ. ಒಂದು ಬದಿಗೆ ಮೇಘಮಲೈ, ಇನ್ನೊಂದು ಬದಿಗೆ ಕೇರಳದ ಗಡಿಯ ಏಲಕ್ಕಿ ಬೆಟ್ಟಗಳು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಕಾಪ್ಪಿಲಿಯರ್ ಎಂಬ ಒಕ್ಕಲು ಸಮುದಾಯದ ಮನೆಮಾತು ಕನ್ನಡ. ಕಂಬಮಿನಲ್ಲಿ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ಹಿಂಡನ್ನು ಸಾಕಿಕೊಂಡು ಬಂದ ಜನ ಇವರು. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂಬ ಎರಡು ದಡಗಳ ನಡುವಿನ ಬದುಕು ಹೊಸೂರು, ತಾಳವಾಡಿ, ಕಾಸರಗೋಡುಗಳ ಓದುಗರಿಗೆ ಅಪರಿಚಿತವೇನಲ್ಲ.

ಈ ಕಣಿವೆಯ ದಿನಚರಿಯಲ್ಲಿ ಬೆಟ್ಟ ಹತ್ತಿಳಿಯುವುದು ಒಂದು ಭಾಗ. ಬೋಡಿನಾಯಕನೂರು, ಕಂಬಂ ಕಡೆಗಳಿಂದ ಕೂಲಿಯಾಳುಗಳು ಬೆಳಗಿನ ಜೀಪುಗಳಲ್ಲಿ ಕೇರಳದ ಏಲಕ್ಕಿ ತೋಟಗಳಿಗೆ ಏರುತ್ತಾರೆ. ಸ್ವಂತ ವಾಹನವಿದ್ದವರು ಅದರಲ್ಲಿ ಏರುತ್ತಾರೆ. ಘಟ್ಟದ ಡಾಂಬರು ಮುಗಿದು ತೋಟದ ದಾರಿ ಹಿಡಿದೊಡನೆ ಕಾಲಕೆಳಗಿನ ನೆಲವೇ ಬದಲಾಗುತ್ತದೆ: ಮಳೆ ಕೊರೆದ ಗುಂಡಿ, ಸಡಿಲ ಕಲ್ಲು, ತರಗೆಲೆ ಮುಚ್ಚಿದ ಕೆಸರು.

ಇಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ಕಣಿವೆಯಲ್ಲಿ ಅಷ್ಟಿಷ್ಟು ಹೊಲ. ಇಪ್ಪತ್ತೆರಡರ ಮಗನಿಗೆ ಬೆಟ್ಟದ ಮೇಲಿನ ತೋಟದಲ್ಲಿ ಮೇಸ್ತ್ರಿಯ ಕೆಲಸ. ಹತ್ತನೆಯ ತರಗತಿಯಲ್ಲಿರುವ ತಂಗಿಯನ್ನು ದಾರಿಯಲ್ಲಿ ಶಾಲೆಗೆ ಬಿಟ್ಟು ಅವನು ಬೆಟ್ಟ ಹತ್ತಬೇಕು. ಮನೆಯವರೆಲ್ಲ ಕೂಡಿಟ್ಟ ಹಣದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಹೀರೋ ಎಕ್ಸ್‌ಪಲ್ಸ್ 200 ಮನೆಯ ಮುಂದೆ ನಿಂತಿದೆ. ಅದರ ಹಿಂದಿನ ಟೈರು ಸವೆದು ನುಣುಪಾಗಿದೆ.

“ಅಪ್ಪಾ, ಹೇಗೂ ಹೊಸ ಟೈರು ಹಾಕಿಸಬೇಕಲ್ಲ, ಈ ಸಲ 140ರದ್ದನ್ನೇ ಹಾಕಿಸಿಬಿಡೋಣ. ದಪ್ಪಗಿದ್ದರೆ ನೆಲ ಚೆನ್ನಾಗಿ ಹಿಡಿಯುತ್ತದೆ.”

“ಹಿಡಿಯುವುದೋ ಬಿಡುವುದೋ ನನಗೆ ತಿಳಿಯದು, ಮಗಾ. ಬೆಳಿಗ್ಗೆ ನಿನ್ನ ಬೆನ್ನ ಹಿಂದೆ ಕೂತು ಹೋಗುವವಳು ನಿನ್ನ ತಂಗಿ. ಅದನ್ನು ನೆನಪಿಟ್ಟುಕೊಂಡು ಏನು ಬೇಕಾದರೂ ಹಾಕಿಸು.”

ತಂದೆಯ ಮಾತಿನಲ್ಲಿ ಯಂತ್ರಜ್ಞಾನವಿಲ್ಲ. ಆದರೆ ಪ್ರಶ್ನೆಯನ್ನು ಅದು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ಟೈರಿನ ಆಯ್ಕೆ ಎಂದರೆ ಯಾವ ನೆಲ, ಎಷ್ಟು ಭಾರ, ಯಾರ ಜೀವ ಎಂಬ ಮೂರರ ಆಯ್ಕೆ. ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೂ ಒಬ್ಬ ತಂದೆಯ ಕಾಳಜಿಯಿಂದಲೇ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಎಳೆಯ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ರಾಬರ್ಟ್ ಥಾಮ್ಸನ್ ಎಂಬಾತ ಇಂಥದೇ ಉಪಾಯಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದನಾದರೂ ಅದು ಬಳಕೆಗೆ ಬರದೆ ಮರೆಯಾಗಿತ್ತು. ಇಂದು ಕಂಬಂ ಕಣಿವೆಗೆ ಕೂಗಳತೆಯಲ್ಲೇ ಎನ್ನಬಹುದಾದ ಮದುರೈ ಬಳಿಯ ವೆಳ್ಳರಿಪಟ್ಟಿಯಲ್ಲಿ ದ್ವಿಚಕ್ರ ವಾಹನಗಳ ಟೈರು ಮಾಡುವ ದೊಡ್ಡ ಕಾರ್ಖಾನೆ ಇದೆ.

ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಂಕಿಗಳನ್ನು ಓದುವುದು ಮೊದಲ ಪಾಠ. ಎಕ್ಸ್‌ಪಲ್ಸ್ 200ರ ಹಿಂದಿನ ಟೈರಿನ ಮೇಲೆ 120/80-18 ಎಂದಿರುತ್ತದೆ. 120 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂಬುದು ಶೇಕಡಾ ಲೆಕ್ಕ: ರಿಮ್ಮಿನ ಅಂಚಿನಿಂದ ನೆಲದವರೆಗೆ ಟೈರಿನ ಎತ್ತರ ಅದರ ಅಗಲದ ಶೇಕಡಾ 80, ಅಂದರೆ 96 ಮಿಲಿಮೀಟರ್. 18 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿಲಿಮೀಟರಿನಂತೆ ರಿಮ್ಮಿನ ವ್ಯಾಸ 457. ಅದಕ್ಕೆ ಮೇಲೊಂದು ಕೆಳಗೊಂದು 96 ಸೇರಿಸಿದರೆ ಇಡೀ ಚಕ್ರದ ವ್ಯಾಸ ಸುಮಾರು 649 ಮಿಲಿಮೀಟರ್. ತಯಾರಕರಿಂದ ತಯಾರಕರಿಗೆ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದುಂಟು. ಹೋಲಿಕೆಗೆ ಈ ಲೆಕ್ಕ ಸಾಕು.

ಇದೇ ರೀತಿ ರಾಯಲ್ ಎನ್‌ಫೀಲ್ಡ್ ಕಂಪನಿ 2016ರಲ್ಲಿ ಬಿಡುಗಡೆ ಮಾಡಿದ ಹಿಮಾಲಯನ್ ಬೈಕಿನ ಹಿಂದಿನ ಟೈರನ್ನು ಲೆಕ್ಕ ಹಾಕಬಹುದು. ಅದರ ಅಳತೆ 120/90-17. ರಿಮ್ 17 ಇಂಚಿನದು, ಟೈರಿನ ಎತ್ತರ 108 ಮಿಲಿಮೀಟರ್, ಒಟ್ಟು ವ್ಯಾಸ 648. ಒಂದು 17 ಇಂಚಿನ ರಿಮ್, ಇನ್ನೊಂದು 18 ಇಂಚಿನ ರಿಮ್; ಆದರೆ ನೆಲದ ಮೇಲೆ ನಿಂತ ಎರಡು ಚಕ್ರಗಳ ಎತ್ತರ ಬಹುತೇಕ ಒಂದೇ! ಹಾಗಾದರೆ ವ್ಯತ್ಯಾಸವಿರುವುದು ಎಲ್ಲಿ? ಕಬ್ಬಿಣಕ್ಕೂ ನೆಲಕ್ಕೂ ನಡುವೆ ಇರುವ ರಬ್ಬರು ಮತ್ತು ಗಾಳಿಯ ದಿಂಬಿನಲ್ಲಿ. ರಿಮ್ ಚಿಕ್ಕದಾದಂತೆ ದಿಂಬು ದಪ್ಪವಾಗುತ್ತದೆ. ಕಲ್ಲಿನ ಪೆಟ್ಟನ್ನು ಅದು ತಾನೇ ನುಂಗಿ ರಿಮ್ಮನ್ನು ಉಳಿಸುತ್ತದೆ. ರಿಮ್ ದೊಡ್ಡದಾದಂತೆ ದಿಂಬು ತೆಳುವಾಗುತ್ತದೆ. ತಿರುವಿನಲ್ಲಿ ಟೈರು ಅತ್ತಿತ್ತ ಬಳುಕುವುದು ಕಡಿಮೆಯಾಗುತ್ತದೆ.

ಮಣ್ಣುದಾರಿಯ ಬೈಕುಗಳ ಮುಂದಿನ ಚಕ್ರ ಸಾಮಾನ್ಯವಾಗಿ 21 ಇಂಚಿನದು. ದೊಡ್ಡ ಚಕ್ರ ಗುಂಡಿಗೆ ಬೀಳದೆ, ಕಲ್ಲಿಗೆ ಎಡವದೆ ಉರುಳಿಕೊಂಡು ಹೋಗುತ್ತದೆ. ಹಿಂದಿನ ಚಕ್ರಕ್ಕೆ ಬೇರೆ ಕೆಲಸ: ಎಂಜಿನ್ನಿನ ಬಲವನ್ನು ನೆಲಕ್ಕೆ ಮುಟ್ಟಿಸುವುದು, ಹಿಂದೆ ಕುಳಿತವರ ಮತ್ತು ಹೊರೆಯ ಭಾರವನ್ನು ಹೊರುವುದು. ಅದಕ್ಕೆ ದಪ್ಪನೆಯ ದಿಂಬು ಬೇಕು. ಆದ್ದರಿಂದಲೇ ರಿಮ್ ಚಿಕ್ಕದು. ಆ ಚಿಕ್ಕ ರಿಮ್ಮಿನಲ್ಲೂ ಮೂರು ಬಗೆ ಉಂಟು: 17, 18, 19.

19 ಇಂಚು ಮೋಟೋಕ್ರಾಸ್ ಸ್ಪರ್ಧೆಯ ಬೈಕುಗಳದು. ಆ ಸ್ಪರ್ಧೆ ನಡೆಯುವುದು ಹದಗೊಳಿಸಿದ ಮಣ್ಣಿನ ಅಂಕಣದಲ್ಲಿ. ಅಲ್ಲಿ ದೊಡ್ಡ ಬಂಡೆಗಳಿಲ್ಲ, ಎತ್ತರದ ನೆಗೆತಗಳೂ ಬಿರುಸಿನ ತಿರುವುಗಳೂ ಇವೆ. 18 ಇಂಚು ಎಂಡ್ಯೂರೋ ಸ್ಪರ್ಧೆಯದು. ಅದು ನಡೆಯುವುದು ಕಾಡು, ಹಳ್ಳ, ಬಂಡೆ, ಬೇರುಗಳ ನಡುವಿನ ದೀರ್ಘ ಹಾದಿಯಲ್ಲಿ. ಮೋಟೋಕ್ರಾಸಿನ 110/90-19 ಟೈರಿನ ಒಟ್ಟು ವ್ಯಾಸ 681 ಮಿಲಿಮೀಟರ್, ಎಂಡ್ಯೂರೋದ 110/100-18ರದು 677. ಇಲ್ಲಿಯೂ ಎತ್ತರ ಹೆಚ್ಚುಕಡಿಮೆ ಒಂದೇ. ದಿಂಬು ಮಾತ್ರ ಒಂದರಲ್ಲಿ 99, ಇನ್ನೊಂದರಲ್ಲಿ 110 ಮಿಲಿಮೀಟರ್. ಆ ಹನ್ನೊಂದು ಮಿಲಿಮೀಟರು ಬಂಡೆಯ ಅಂಚಿಗೆ ಬಡಿದ ರಿಮ್ ಸೊಟ್ಟಗಾಗುವುದನ್ನು ಎಷ್ಟೋ ಸಲ ತಪ್ಪಿಸುತ್ತದೆ. ಏಲಕ್ಕಿ ತೋಟದ ದಾರಿ ಅಂಕಣವಲ್ಲ, ಬಂಡೆಯ ಹಾದಿ. ಅಲ್ಲಿ 19ಕ್ಕೆ ಕೆಲಸವಿಲ್ಲ.

ಉಳಿದದ್ದು 17 ಮತ್ತು 18. ಡಾಂಬರು ಹೆಚ್ಚು, ಮಣ್ಣು ಕಡಿಮೆ ಎನ್ನುವವರಿಗೆ 17 ಅನುಕೂಲ. ರಸ್ತೆಯ ಟೈರುಗಳು ಆ ಅಳತೆಯಲ್ಲಿ ಎಲ್ಲ ಊರಿನಲ್ಲೂ ಸಿಗುತ್ತವೆ. ಮಣ್ಣು ಹೆಚ್ಚು ಎನ್ನುವವರಿಗೆ 18. ಎತ್ತರದ ಉಬ್ಬುಗಳುಳ್ಳ ಟೈರುಗಳ ಆಯ್ಕೆ ಆ ಅಳತೆಯಲ್ಲಿ ವಿಶಾಲ. ಬೈಕು ಕೊಳ್ಳುವಾಗಲೇ ಯೋಚಿಸಬೇಕಾದ ಮಾತಿದು. ಕೊಂಡ ಮೇಲೆ ರಿಮ್ ಬದಲಿಸುವುದೆಂದರೆ ಕಡ್ಡಿಗಳನ್ನೂ ಬದಲಿಸಿ, ಚಕ್ರವನ್ನು ಹೊಸದಾಗಿ ಕಟ್ಟಬೇಕು. ಬಡವನ ಬೈಕಿಗೆ ಅದು ಕೋಪಕ್ಕೆ ಮೂಗು ಕೊಯ್ದುಕೊಂಡಂತೆ.

ಈಗ ಆ ಮಗ ಕೇಳಿದ 140ರ ವಿಷಯ. 140/80-18 ಟೈರಿನ ಎತ್ತರ 112 ಮಿಲಿಮೀಟರ್, ಚಕ್ರದ ಒಟ್ಟು ವ್ಯಾಸ 681. ಮೂಲ ಚಕ್ರಕ್ಕಿಂತ 32 ಮಿಲಿಮೀಟರ್ ದೊಡ್ಡದು. ಶೇಕಡಾ ಲೆಕ್ಕದಲ್ಲಿ ಸುಮಾರು 5. ಇಷ್ಟೇ ತಾನೆ ಎನಿಸಬಹುದು. ಆದರೆ ಪರಿಧಿಯ ಲೆಕ್ಕ ಹಾಕಿದರೆ ಹಳೆಯ ಚಕ್ರ ಒಂದು ಸುತ್ತಿಗೆ 2.04 ಮೀಟರ್ ಸಾಗುತ್ತಿದ್ದದ್ದು ಹೊಸದು 2.14 ಮೀಟರ್ ಸಾಗುತ್ತದೆ. ಒಂದು ಕಿಲೋಮೀಟರಿಗೆ 490 ಸುತ್ತು ಸುತ್ತುತ್ತಿದ್ದ ಚಕ್ರ ಈಗ 467 ಸುತ್ತು ಸುತ್ತಿದರೆ ಸಾಕು. ಪ್ರತಿ ಸುತ್ತಿಗೂ ಎಂಜಿನ್ನು ಹೆಚ್ಚು ದೂರ ಎಳೆಯಬೇಕು. ಹಿಂದಿನ ಸ್ಪ್ರಾಕೆಟ್ಟಿನಲ್ಲಿ 40 ಹಲ್ಲುಗಳಿದ್ದರೆ ಅವುಗಳಲ್ಲಿ ಎರಡನ್ನು ಕಡಿಮೆ ಮಾಡಿದಷ್ಟು ಏರುವ ಶಕ್ತಿ ಕುಗ್ಗುತ್ತದೆ. ಸಮತಟ್ಟಿನ ಹೆದ್ದಾರಿಯಲ್ಲಿ ಇದು ಗೊತ್ತಾಗದು. ಬೋಡಿಮೆಟ್ಟಿನ ತಿರುವಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೊದಲ ಗೇರಿನಲ್ಲಿ ಏರುವಾಗ ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿನ ಚಕ್ರದಿಂದಲೋ ಗೇರ್‌ಪೆಟ್ಟಿಗೆಯಿಂದಲೋ ವೇಗ ಅಳೆಯುವ ಬೈಕುಗಳಲ್ಲಿ ಮುಳ್ಳು 60 ತೋರಿಸುವಾಗ ನಿಜವಾದ ವೇಗ 63 ಆಗಿರುತ್ತದೆ.

ಜಾಗದ ಪ್ರಶ್ನೆಯೂ ಉಂಟು. ಟೈರು 20 ಮಿಲಿಮೀಟರ್ ಅಗಲವಾದರೆ ಎಡಬಲಗಳಲ್ಲಿ ಹತ್ತು ಹತ್ತು ಮಿಲಿಮೀಟರ್ ಜಾಗ ಹೋಯಿತು. ಒಂದು ಬದಿಗೆ ಚೈನು ಓಡುತ್ತಿರುತ್ತದೆ. ಮೇಲ್ಗಡೆ 16 ಮಿಲಿಮೀಟರ್ ಜಾಗ ಹೋಯಿತು; ಅಲ್ಲಿ ಮಡ್‌ಗಾರ್ಡ್ ಇರುತ್ತದೆ. ಅಂಗಡಿಯ ಮುಂದೆ ಬೈಕು ನಿಂತಿರುವಾಗ ಎಲ್ಲವೂ ಸರಿಯಾಗಿ ಕೂತಂತೆ ಕಾಣುತ್ತದೆ. ಇಬ್ಬರು ಕುಳಿತು ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿ ಟೈರು ಮಡ್‌ಗಾರ್ಡಿಗೆ ಉಜ್ಜುವುದು ಘಟ್ಟದಲ್ಲಿ. ಇನ್ನು ರಿಮ್ಮಿನ ಅಗಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಇಂಚಿನ ಅಗಲದ ರಿಮ್ ಎಂಬ ಮಿತಿಯನ್ನು ತಯಾರಕರೇ ನಮೂದಿಸಿರುತ್ತಾರೆ. ಕಿರಿದಾದ ರಿಮ್ಮಿಗೆ ಅಗಲವಾದ ಟೈರು ಹಾಕಿದರೆ ಅದರ ಪಕ್ಕೆಗಳು ಒಳಕ್ಕೆ ಸೆಳೆಯಲ್ಪಟ್ಟು ನೆತ್ತಿ ಗೋಪುರದಂತೆ ಉಬ್ಬುತ್ತದೆ. ಆಗ ನೆಲ ಮುಟ್ಟುವುದು ನಡುವಿನ ಪಟ್ಟಿ ಮಾತ್ರ. ಅಗಲಕ್ಕೆಂದು ಕೊಟ್ಟ ಹಣ ಗಾಳಿಯಲ್ಲಿ ತೇಲುತ್ತಿರುತ್ತದೆ.

140ರ ಟೈರು ಕೆಟ್ಟದ್ದೆಂದು ಇದರ ಅರ್ಥವಲ್ಲ. 450 ಸಿಸಿ ಎಂಜಿನ್ನಿನ ಹೊಸ ಹಿಮಾಲಯನ್ನಿಗೆ ಕಂಪನಿಯೇ 140/80-17 ಟೈರು ಕೊಟ್ಟಿದೆ. ಅದರ ಎಂಜಿನ್ನಿನ ಬಲ 40 ಅಶ್ವಶಕ್ತಿಯ ಆಸುಪಾಸು, ಎಕ್ಸ್‌ಪಲ್ಸ್ 200ರದು 19ರ ಆಸುಪಾಸು. ಮರುಭೂಮಿಯ ಡಾಕರ್ ರ್‍ಯಾಲಿಯ ಬೈಕುಗಳಿಗೂ ಮುಂದೆ 21, ಹಿಂದೆ 18 ಇಂಚಿನ ಚಕ್ರ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ರ್‍ಯಾಲಿಯನ್ನು ಪೂರ್ಣಗೊಳಿಸಿ 36ನೆಯವರಾಗಿ ಬಂದರು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಅಂಥ ಬೈಕುಗಳ ಹಿಂದಿನ ಟೈರು ದಪ್ಪವಿರುವುದು ನಿಜ. ಆದರೆ ಅವುಗಳ ಎಂಜಿನ್ನು, ರಿಮ್ಮು, ಸ್ಪ್ರಾಕೆಟ್ಟು ಎಲ್ಲವೂ ಆ ಟೈರಿಗೆ ಹೊಂದುವಂತೆ ರೂಪುಗೊಂಡಿವೆ. ಪಂಕ್ಚರಿನ ಭಯವಿರದಂತೆ ಟ್ಯೂಬಿನ ಬದಲು ಒಳಗೆ ನೊರೆಯಂಥ ಗಟ್ಟಿ ತುಂಬುವಿಕೆ ಇರುತ್ತದೆ. ಚಿತ್ರದಲ್ಲಿ ಕಂಡ ಟೈರನ್ನು ಮಾತ್ರ ಮನೆಗೆ ತಂದರೆ ಆನೆಯ ಗಂಟೆಯನ್ನು ಆಡಿಗೆ ಕಟ್ಟಿದಂತಾಗುತ್ತದೆ.

ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುತ್ತದೆ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ಟೈರು ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಅಗಲವಲ್ಲ, ಒಳಗಿನ ಗಾಳಿಯ ಒತ್ತಡ. ಹಿಂದಿನ ಚಕ್ರದ ಮೇಲೆ 150 ಕಿಲೋ ಭಾರವಿದೆ, ಗಾಳಿ 28 ಪಿಎಸ್‌ಐ ಇದೆ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.97 ಕಿಲೋ ಒತ್ತಡ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲ ಮುಟ್ಟುವ ಜಾಗ ಸುಮಾರು 76 ಚದರ ಸೆಂಟಿಮೀಟರ್. ಟೈರು 120 ಇರಲಿ 140 ಇರಲಿ, ಭಾರವೂ ಗಾಳಿಯೂ ಅಷ್ಟೇ ಇದ್ದರೆ ಈ ಉತ್ತರ ಹೆಚ್ಚು ಬದಲಾಗದು. ಆ ಜಾಗದ ಆಕಾರ ಮಾತ್ರ ಬದಲಾಗುತ್ತದೆ, ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಅದೇ ಹಳೆಯ ಟೈರು ಸುಮಾರು 107 ಚದರ ಸೆಂಟಿಮೀಟರ್ ನೆಲ ಮುಟ್ಟುತ್ತದೆ. ಟೈರಿನ ಪಕ್ಕೆಗಳ ಬಿಗುವೂ ಒಂದಿಷ್ಟು ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ದಿಕ್ಕು ಸರಿ. ಹಣ ಕೊಟ್ಟು ಕೊಳ್ಳಲು ಹೊರಟ ಹಿಡಿತದ ಬಹುಪಾಲು ಗಾಳಿಯ ಮೂತಿಯಲ್ಲೇ ಇದೆ.

ಈ ಉಪಾಯಕ್ಕೂ ಬೇಲಿ ಉಂಟು. ಗಾಳಿ ಕಡಿಮೆ ಮಾಡುವುದು ತೋಟದ ದಾರಿಯಲ್ಲಿ, ಒಬ್ಬನೇ ಇದ್ದಾಗ, ನಿಧಾನವಾಗಿ ಹೋಗುವಾಗ ಮಾತ್ರ. ಭಾರ ಹೇರಿಕೊಂಡು ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಬಡಿದರೆ ರಿಮ್ಮಿನ ಎರಡು ಅಂಚುಗಳಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಡಾಂಬರಿನಲ್ಲಿ ವೇಗವಾಗಿ ಓಡಿಸಿದರೆ ಟೈರು ಬಿಸಿಯೇರಿ ತಿರುವಿನಲ್ಲಿ ಬೈಕು ತೂಗಾಡುತ್ತದೆ. ಘಟ್ಟ ಇಳಿಯುವ ಮುನ್ನ ಕೈಪಂಪಿನಿಂದ ಗಾಳಿಯನ್ನು ಮತ್ತೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಏರಿಸಲೇಬೇಕು. ಸಣ್ಣದೊಂದು ಗಾಳಿಮಾಪಕ ಬೈಕಿನ ಪೆಟ್ಟಿಗೆಯಲ್ಲಿ ಇರುವುದು ಒಳ್ಳೆಯದು. ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ.

ಅಳತೆಯನ್ನು ಬದಲಿಸದೆ ಬದಲಿಸಬಹುದಾದ ಇನ್ನೊಂದು ಸಂಗತಿ ಟೈರಿನ ಮೈಮೇಲಿನ ಉಬ್ಬುಗಳ ವಿನ್ಯಾಸ. ದನದ ಗೊರಸು ಇಬ್ಭಾಗವಾಗಿದ್ದು ಮಣ್ಣಿಗೆ ಊರಿ ಹಿಡಿಯುವಂತೆ, ಎತ್ತರದ ಬಿಡಿ ಉಬ್ಬುಗಳು ಮಣ್ಣನ್ನು ಕಚ್ಚುತ್ತವೆ. ಅವುಗಳ ನಡುವಣ ಜಾಗ ವಿಶಾಲವಾಗಿದ್ದರೆ ಮೆತ್ತಿದ ಕೆಸರು ಚಕ್ರ ತಿರುಗಿದಂತೆ ತಾನೇ ಸಿಡಿದು ಹೋಗುತ್ತದೆ. ತೆಳುಗೆಸರಿನಲ್ಲಿ ಕಿರಿದಾದ ಟೈರೇ ಮೇಲು. ಅದು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ, ಅಗಲವಾದದ್ದು ಮೇಲೆ ಜಾರುತ್ತದೆ. ಆಳವಾದ ಮರಳಿನಲ್ಲಿ ಮಾತ್ರ ಅಗಲಕ್ಕೆ ಮೇಲುಗೈ. ಡಾಂಬರಿಗೆ ಬಂದಾಗ ಎಲ್ಲವೂ ತಲೆಕೆಳಗು: ಬಿಡಿ ಉಬ್ಬುಗಳ ತುದಿಗಳಷ್ಟೇ ರಸ್ತೆಯನ್ನು ಮುಟ್ಟುವುದರಿಂದ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಬೈಕು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಉಬ್ಬುಗಳೂ ಬೇಗ ಸವೆಯುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ ಸುರಿಯುವ ಕಣಿವೆಗೆ ಇದು ಸಣ್ಣ ಮಾತಲ್ಲ. ದಿನದ ದಾರಿಯಲ್ಲಿ ಮುಕ್ಕಾಲು ಪಾಲು ಡಾಂಬರೇ ಆಗಿದ್ದರೆ ರಸ್ತೆಗೂ ಮಣ್ಣಿಗೂ ಸಲ್ಲುವ ನಡುವಿನ ವಿನ್ಯಾಸವೇ ಸರಿ.

ಕೊಳ್ಳುವಾಗ ಟೈರಿನ ಪಕ್ಕೆಯಲ್ಲಿ ಇನ್ನೂ ಕೆಲವನ್ನು ಓದಬೇಕು. ಅಳತೆಯ ಪಕ್ಕದಲ್ಲಿ 61ಪಿ ಎಂಬಂಥ ಗುರುತು ಇರುತ್ತದೆ. 61 ಎಂಬುದು ಭಾರದ ಸಂಕೇತ, 257 ಕಿಲೋ ಎಂದು ಅರ್ಥ. 54 ಎಂದಿದ್ದರೆ 212 ಕಿಲೋ, 66 ಎಂದಿದ್ದರೆ 300 ಕಿಲೋ. ಅಕ್ಷರವು ವೇಗದ ಮಿತಿ. ಪಿ ಎಂದರೆ ಗಂಟೆಗೆ 150 ಕಿಲೋಮೀಟರ್. ಹೊಸ ಟೈರಿನ ಈ ಗುರುತು ಹಳೆಯದಕ್ಕಿಂತ ಕೆಳಗಿರಬಾರದು. ನಾಲ್ಕು ಅಂಕಿಗಳ ಇನ್ನೊಂದು ಗುರುತು ತಯಾರಾದ ಕಾಲ: 2319 ಎಂದರೆ 2019ರ 23ನೆಯ ವಾರ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದು ಗಡುಸಾದ ಟೈರು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ತಿರುಗುವ ದಿಕ್ಕನ್ನು ತೋರಿಸುವ ಬಾಣ, ಸವೆತದ ಮಿತಿ ತೋರಿಸುವ ಸಣ್ಣ ದಿಬ್ಬಗಳು, ಇವೂ ಅಲ್ಲೇ ಇವೆ. ಹೊಸ ಟೈರಿನೊಡನೆ ಹೊಸ ಟ್ಯೂಬನ್ನೂ ಹಾಕಿಸುವುದು ಲೇಸು.

ಕಾನೂನಿನ ಮಾತನ್ನೂ ಮರೆಯಬಾರದು. ವಾಹನದ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಮಾರ್ಪಾಡು ಮಾಡಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು ಶಾಲಾಮಕ್ಕಳ ತಂದೆತಾಯಿಗಳು ತಿಳಿದಿರಲೇಬೇಕಾದದ್ದು: ವಯಸ್ಸಿಗೆ ಬಾರದ ಮಗು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಇನ್ನು ಮಣ್ಣುದಾರಿಯ ಬೈಕೆಂದರೆ ಎಲ್ಲ ಬೆಟ್ಟವೂ ತನ್ನದೆಂದು ಅರ್ಥವಲ್ಲ. ಶ್ರೀವಿಲ್ಲಿಪುತ್ತೂರು-ಮೇಘಮಲೈ ಪ್ರದೇಶ 2021ರಿಂದ ಹುಲಿ ಸಂರಕ್ಷಿತ ತಾಣ. ಆ ಕಡೆಯ ವರುಷನಾಡು ಬೆಟ್ಟಗಳಲ್ಲೇ ವೈಗೈ ನದಿ ಹುಟ್ಟುವುದು. ಎತ್ತರದ ಉಬ್ಬುಗಳ ಟೈರು ಉತ್ತ ಇಳಿಜಾರಿನ ಮಣ್ಣು ಮುಂದಿನ ಮಳೆಗೆ ಹಳ್ಳ ಸೇರುತ್ತದೆ. ತೋಟದ ದಾರಿ ತೋಟಕ್ಕೆ, ಕಾಡು ಕಾಡಿಗೆ.

ದೊಡ್ಡ ಬೈಕಿನ ಕನಸು ಕಾಣುವವರು ಅದೇ ದಾರಿಯಲ್ಲಿ ಏರುವ ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ಡನ್ನೂ ಒಮ್ಮೆ ನೋಡಬೇಕು. 16 ಇಂಚಿನ ಚಕ್ರ, ಎರಡೂವರೆ ಇಂಚಿನ ಟೈರು. ಹಿಂದೆ ಮುಂದೆ ಹೊರೆ ಹೇರಿಕೊಂಡು, ಕಲ್ಲನ್ನು ಬಳಸಿ, ಗುಂಡಿಯನ್ನು ತಪ್ಪಿಸಿ ಅದು ಹೋಗುತ್ತದೆ. ಅದನ್ನು ಕರೆದೊಯ್ಯುವುದು ಟೈರಿನ ದಪ್ಪವಲ್ಲ, ಓಡಿಸುವವನ ತಾಳ್ಮೆ.

ಕಲ್ಪನೆಯ ಆ ಮನೆಗೆ ಮರಳಿದರೆ, ಲೆಕ್ಕದ ಪುಸ್ತಕ ತಂಗಿಯ ಕೈಯಲ್ಲಿದೆ. ಎರಡು ಚಕ್ರಗಳ ವ್ಯಾಸವನ್ನೂ ಪರಿಧಿಯನ್ನೂ ಅವಳು ಹಾಳೆಯ ಎರಡು ಬದಿಗೆ ಬರೆದು ಅಣ್ಣನ ಮುಂದೆ ಇಟ್ಟಿದ್ದಾಳೆ.

“ನೋಡಣ್ಣಾ, ಒಂದು ಸುತ್ತಿಗೆ ಹತ್ತು ಸೆಂಟಿಮೀಟರ್ ಹೆಚ್ಚು. ನಾನು ಕೂತಿರುವಾಗ ಘಟ್ಟದಲ್ಲಿ ಅದನ್ನು ಎಳೆಯುವವರು ಯಾರು?”

ಅಣ್ಣ ಹಾಳೆಯನ್ನು ಎರಡು ಸಲ ಓದಿದ. ಮರುದಿನ ತಂದೆಯೊಡನೆ ಅಂಗಡಿಗೆ ಹೋಗಿ ಮೂಲ ಅಳತೆಯ 120/80-18 ಟೈರನ್ನೇ, ರಸ್ತೆಗೂ ಮಣ್ಣಿಗೂ ಒಗ್ಗುವ ವಿನ್ಯಾಸದ್ದನ್ನು ಆರಿಸಿದ. ಉಳಿದ ಹಣದಲ್ಲಿ ಗಾಳಿಮಾಪಕ, ಕೈಪಂಪು, ಒಂದು ಹೆಚ್ಚಿನ ಟ್ಯೂಬು ಬಂದವು. ಬಾಣದ ದಿಕ್ಕು ಸರಿಯಿದೆಯೇ, ಚೈನಿನ ಬಿಗಿ ಸರಿಯಿದೆಯೇ ಎಂದು ನೋಡಿ ಬೈಕನ್ನು ಹೊರಗೆ ತಂದಾಗ ಅಂಗಡಿಯವನು ಒಂದು ಎಚ್ಚರಿಕೆ ಹೇಳಿದ: ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿಲೋಮೀಟರು ತಿರುವುಗಳಲ್ಲಿ ಹೆಚ್ಚು ವಾಲಿಸದೆ, ಗಟ್ಟಿಯಾಗಿ ಬ್ರೇಕ್ ಹಾಕದೆ ಓಡಿಸಬೇಕು.

ತಂದೆ ಆ ಮಾತನ್ನು ಕೇಳಿಸಿಕೊಂಡು ಮಗನ ಕಡೆ ತಿರುಗಿದ. “ಹಾಗಾದರೆ ಈ ವಾರ ತಂಗಿ ಬಸ್ಸಿನಲ್ಲೇ ಹೋಗಲಿ.”